ಗಿರಣಿಯಂತೆ ಕೂಗುವ ಕಾರು

ಭಾನುವಾರ, 9 ಮಾರ್ಚ್ 1986. ಬೆಳಿಗ್ಗೆ ಆರು ನಲವತ್ತು.

ಏನನ್ನು ಬರೆಯಲು ಕುಳಿತರೂ ಮೊದಲು ತಾರೀಖು, ಗಂಟೆ ಹಾಕುವುದು ನನ್ನ ಚಟ. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವನಿಗೆ ಇಷ್ಟು ಚಟವಾದರೂ ಬೇಡವೇ ಎಂದು ನಾನು ಸಮರ್ಥಿಸಿಕೊಳ್ಳುತ್ತೇನೆ. ‘ಸೀನಬೇಕಾದರೂ ಗಡಿಯಾರ ನೋಡಿ ಸೀನುವ ಮನುಷ್ಯ’ ಎಂಬುದು ಮನೆಯವರ ಅಭಿಪ್ರಾಯ. ಇರಲಿ. ಹೇಳಬೇಕೆಂದಿರುವ ವಿಷಯ ಬೇರೆ. ಪ್ರತಿ ಮನೆಯಲ್ಲೂ ಬಂದವರಿಗೆ ಕರೆದು ತೋರಿಸುವ ವಸ್ತು ಒಂದಿರುತ್ತದೆ, ಬಂದವರ ಕಣ್ಣಿಗೆ ಬೀಳದಂತೆ ಮುಚ್ಚಿಡುವ ವಸ್ತು ಇನ್ನೊಂದಿರುತ್ತದೆ. ತೋರಿಸುವಂಥದ್ದು ನಡುಮನೆಯ ಗಾಜಿನ ಬೀರುವಿನಲ್ಲಿ, ಮುಚ್ಚಿಡುವಂಥದ್ದು ಅಟ್ಟದ ಮೇಲೆ. ನಮ್ಮ ಮನೆಯ ಕಷ್ಟವೆಂದರೆ ಈ ಎರಡೂ ಒಂದೇ ವಸ್ತು. ಅದು ಚಿತ್ರದುರ್ಗದ ನಮ್ಮ ಮನೆಯ ಮುಂದೆ, ಬೇವಿನ ಮರದ ಕೆಳಗೆ ನಿಂತಿದೆ. ನಿಂತಿರುವಷ್ಟು ಹೊತ್ತು ಅದು ತೋರಿಸುವ ವಸ್ತು. ಸ್ಟಾರ್ಟ್ ಮಾಡಿದ ತಕ್ಷಣ ಮುಚ್ಚಿಡುವ ವಸ್ತು.

ಅದು ನಮ್ಮ ಅಜ್ಜನ ಕಾರು. ಸ್ವಾತಂತ್ರ್ಯ ಬಂದ ಮರುವರ್ಷ, ಗಂಟುಮೂಟೆ ಕಟ್ಟಿಕೊಂಡು ತನ್ನ ಸೀಮೆಗೆ ಹೊರಟಿದ್ದ ಒಬ್ಬ ಇಂಗ್ಲಿಷ್ ದೊರೆಯಿಂದ ಅಜ್ಜ ಅದನ್ನು ಕೊಂಡರಂತೆ. ‘ದೇಶ ನೆಹರೂ ಅವ್ರಿಗೆ ಬಂತು, ಕಾರು ನನಗೆ ಬಂತು’ ಎಂದು ಅವರು ಸಾಯುವವರೆಗೂ ಹೇಳುತ್ತಿದ್ದರು. ಉದ್ದನೆಯ ಮೂಗು, ಹಿತ್ತಾಳೆಯ ಚೌಕಟ್ಟಿನ ದೊಡ್ಡ ದೀಪಗಳು, ಎರಡೂ ಬದಿಗೆ ಕಾಲಿಡುವ ಹಲಗೆ. ಕೂತರೆ ಮೈಸೂರಿನ ದಸರಾ ಮೆರವಣಿಗೆಯಲ್ಲಿ ಕೂತ ಹಾಗೆ. ನಾಲ್ಕೈದು ವರ್ಷ ಅದು ದೊರೆಯ ಕಾರಿನಂತೆಯೇ ಓಡಿತು. ಆಮೇಲೆ ಒಂದು ಬೇಸಿಗೆಯಲ್ಲಿ ಹಿರಿಯೂರಿನಿಂದ ಬರುವಾಗ ಐಮಂಗಲದ ಹತ್ತಿರ ಹೊಗೆಯಾಡತೊಡಗಿತು. ಅಜ್ಜ ಇಳಿದರು. ಬಾಯಾರಿದ ಎತ್ತಿಗೆ ಮಾಡುವಂತೆ ಪಕ್ಕದ ಬಾವಿಯಿಂದ ಎರಡು ಕೊಡ ತಣ್ಣೀರು ತಂದು, ಕುದಿಯುತ್ತಿದ್ದ ಎಂಜಿನ್ನಿಗೆ ಪ್ರೀತಿಯಿಂದ ಸುರಿದರು. ‘ಟಣ್’ ಎಂದು ಒಂದು ಸದ್ದು ಬಂತಂತೆ. ಎಂಜಿನ್ ಉದ್ದಕ್ಕೂ ಸೀಳಿತ್ತು. ಹೊಸದು ಬೇಕಾದರೆ ಹಡಗಿನಲ್ಲಿ ಬರಬೇಕು, ಅದೂ ದೊರೆಗಳ ದೇಶದಿಂದ. ‘ಹೋಗ್ರಪ್ಪ ಅಂತ ಕಳಿಸಿದೋರ ಹತ್ರ ಮತ್ತೆ ಕೈ ಒಡ್ಡಾದಾ?’ ಎಂದು ಅಜ್ಜ ಆ ದಾರಿ ಬಿಟ್ಟರು.

ಅಜ್ಜನಿಗೆ ಆಗ ಒಂದು ಹಿಟ್ಟಿನ ಗಿರಣಿ ಇತ್ತು. ಅದೇ ವರ್ಷ ಗಿರಣಿಗೆ ಕರೆಂಟು ಬಂದು, ಅಲ್ಲಿಯವರೆಗೆ ಕಲ್ಲು ತಿರುಗಿಸುತ್ತಿದ್ದ ಡೀಸೆಲ್ ಎಂಜಿನ್ ಕೆಲಸವಿಲ್ಲದೆ ಮೂಲೆಯಲ್ಲಿ ಕೂತಿತ್ತು. ಮೆಕ್ಯಾನಿಕ್ ಮಾಬುಸಾಬರು ಬಂದು ಒಡೆದ ಎಂಜಿನ್ ನೋಡಿದರು, ಮೂಲೆಯ ಎಂಜಿನ್ ನೋಡಿದರು, ಬೀಡಿ ಹಚ್ಚಿದರು. ‘ಯಜಮಾನ್ರೇ, ಎಂಜಿನ್ ಅಂದ್ರೆ ಏನ್ರಿ? ತಿರುಗ್ಬೇಕು, ಅಷ್ಟೇ. ಕಲ್ಲು ತಿರುಗ್ಸಿದ್ದು ಗಾಲಿ ತಿರುಗ್ಸಲ್ವಾ?’ ಎಂದರು. ತಿಂಗಳೊಳಗೆ ತಿರುಗಿಸಿಯೂ ಬಿಟ್ಟರು. ಒಂದೇ ಸಿಲಿಂಡರಿನ, ನಿಧಾನಕ್ಕೆ ಗುದ್ದುವ, ಆನೆಯಂತಹ ಎಂಜಿನ್. ಅದನ್ನು ತಣ್ಣಗಿಡುವ ನೀರಿನ ಡ್ರಮ್ಮಿಗೆ ಮುಂದೆ ಎಲ್ಲೂ ಜಾಗ ಸಾಲದೆ ಹಿಂದಿನ ಸೀಟಿನ ಎಡಗಡೆಗೆ ಜಾಗ ಕೊಟ್ಟರು. ಚಳಿಗಾಲದಲ್ಲಿ ಆ ಡ್ರಮ್ಮಿನ ಪಕ್ಕದ ಜಾಗಕ್ಕೆ ನಮ್ಮ ಮನೆಯಲ್ಲಿ ಜಗಳವಾಗುತ್ತಿತ್ತು, ಬೇಸಿಗೆಯಲ್ಲಿ ಆ ಜಾಗ ನೆಂಟರಿಗೆ ಮೀಸಲು. ಗಿರಣಿಯ ಕಲ್ಲು ತಿರುಗಿಸುವ ಪಟ್ಟಾ, ಅಂದರೆ ಬೆಲ್ಟು, ಹಾಕುವ ಗಾಲಿ ಬಿಚ್ಚಲು ಬರಲಿಲ್ಲ. ಅದು ಕಾರಿನ ಮೂಗಿನ ಮುಂದೆ, ಮೂಗುತಿಯ ಹಾಗೆ ಉಳಿದುಕೊಂಡಿತು.

ಇಷ್ಟಾಗಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಅಜ್ಜ ಇನ್ನೊಂದು ಹಟ ಹಿಡಿದರು. ಹಳ್ಳಿಯ ಗಿರಣಿ ಕಂಡವರಿಗೆ ಗೊತ್ತು: ಹೊಗೆ ಹೋಗುವ ಕೊಳವೆಯ ತುದಿಗೆ ತಗಡಿನ ಒಂದು ಬಟ್ಟಲು ಬೋರಲು ಹಾಕಿರುತ್ತಾರೆ. ಎಂಜಿನ್ ಉಸಿರುಬಿಟ್ಟಾಗಲೆಲ್ಲ ಅದು ‘ಕುಕ್... ಕುಕ್... ಕುಕ್...’ ಎಂದು ಮೈಲಿ ದೂರಕ್ಕೆ ಕೂಗುತ್ತದೆ. ಗಿರಣಿ ಶುರುವಾಯಿತು, ಕಾಳು ತನ್ನಿ ಎಂಬುದಕ್ಕೆ ಅದೇ ಡಂಗುರ. ಕಾರಿಗೆ ಆ ಡಂಗುರ ಯಾಕೆ ಎಂದು ಮಾಬುಸಾಬರೇ ಕೇಳಿದರಂತೆ. ‘ಲಕ್ಷ್ಮಿ ಕೂಗು ಸಾಬ್ರೇ ಅದು. ಈ ಕೂಗಿನಿಂದ್ಲೇ ನನ್ನ ಮಕ್ಳು ಉಂಡಿದ್ದು. ಬಾಯಿ ಮುಚ್ಚಿಸ್ಬ್ಯಾಡ್ರಿ’ ಎಂದರಂತೆ ಅಜ್ಜ. ಬಟ್ಟಲು ಉಳಿಯಿತು. ಅಂದಿನಿಂದ ನಮ್ಮ ಕಾರು ಯಾವ ಹಳ್ಳಿ ಹೊಕ್ಕರೂ ಹೆಂಗಸರು ರಾಗಿ ಡಬ್ಬ, ಜೋಳದ ಪುಟ್ಟಿ ಹೊತ್ತುಕೊಂಡು ಹೊರಗೆ ಬರುತ್ತಾರೆ. ಆದಿವಾಲದಲ್ಲಿ ಒಮ್ಮೆ ಅಜ್ಜ ಗಾಡಿ ನಿಲ್ಲಿಸಿ, ‘ಅವ್ವಾ, ಇದು ಗಿರಣಿ ಅಲ್ಲ, ಕಾರು’ ಎಂದು ಕೈಮುಗಿದಾಗ ಒಬ್ಬಾಕೆ ತಲೆಯ ಮೇಲಿನ ಪುಟ್ಟಿ ಇಳಿಸದೆಯೇ ಕೇಳಿದಳಂತೆ: ‘ಕಾರಾದ್ರೆ ಗಿರಣಿ ಹಂಗ್ಯಾಕೆ ಕೂಗ್ತೈತೆ?’

ವೇಗದ ಮಾತು ಎತ್ತಬಾರದು. ನಾನು ಚಿಕ್ಕವನಿದ್ದಾಗ ಚಂದ್ರವಳ್ಳಿಗೆ ಹೋಗುವಾಗ ಒಬ್ಬ ಸೈಕಲ್ಲಿನವನು ಏರಿನಲ್ಲಿ ಆಸರೆಗೆಂದು ನಮ್ಮ ಕಾರಿನ ಹಿಂಭಾಗ ಹಿಡಿದುಕೊಂಡ. ಸ್ವಲ್ಪ ದೂರ ಬಂದು, ಬೇಸರವಾಗಿ, ಕೈಬಿಟ್ಟು ನಮ್ಮನ್ನು ದಾಟಿ ಹೋದ. ಹೋಗುವಾಗ ‘ಬರ್ತೀನ್ರಿ’ ಎಂದು ಹೇಳಿ ಹೋದ, ಅಷ್ಟು ಮರ್ಯಾದೆ ಇತ್ತು ಆ ಕಾಲದಲ್ಲಿ.

ನಮ್ಮದೊಂದೇ ಹೀಗೆ ಎಂಬ ಕೊರಗಿನಿಂದಲೇ ನಾನು ಇಂತಹ ಕಾರುಗಳನ್ನು ಹುಡುಕುವ ಹುಚ್ಚಿಗೆ ಬಿದ್ದದ್ದು. ಹೊರಗೆ ಒಂದು, ಒಳಗೆ ಇನ್ನೊಂದು ಇರುವ ಕಾರು ಎಲ್ಲಿದೆ ಎಂದು ಗೊತ್ತಾದರೂ ಸಾಕು, ಬಸ್ಸು ಹತ್ತಿ ಹೋಗಿ, ಬಾನೆಟ್ ಎತ್ತಿಸಿ ನೋಡಿ, ಬರೆದುಕೊಂಡು ಬರುತ್ತೇನೆ. ಈವರೆಗೆ ಏಳು ಸಿಕ್ಕಿವೆ. ಹಿರಿಯೂರಿನ ವಕೀಲರೊಬ್ಬರ ಕಾರಿಗೆ ಲಾರಿಯ ಎಂಜಿನ್. ಅದರ ಭಾರಕ್ಕೆ ಕಾರಿನ ಮೂತಿ ಸದಾ ತಗ್ಗಿರುತ್ತದೆ. ಕೋರ್ಟಿನ ಮುಂದೆ ನಿಂತಾಗ ಜಡ್ಜ್ ಸಾಹೇಬರಿಗೆ ನಮಸ್ಕಾರ ಮಾಡುತ್ತಿದೆಯೋ ಎನಿಸುತ್ತದೆ. ಹೊಸದುರ್ಗದ ತೆಂಗಿನಕಾಯಿ ವ್ಯಾಪಾರಿಯ ಕಾರಿನಲ್ಲಿರುವುದು ಟ್ರಾಕ್ಟರಿನದು. ಆ ಮನುಷ್ಯ ಮಗಳನ್ನು ಗಂಡನ ಮನೆಗೆ ಕಳಿಸಲು ಹೋಗುವಾಗ, ದಾರಿಯಲ್ಲಿ ಕೆರೆಯ ಕೆಸರಲ್ಲಿ ಹೂತಿದ್ದ ಎರಡು ಎತ್ತಿನಗಾಡಿ ಎಳೆದುಹಾಕಿ, ಆಮೇಲೆ ಬೀಗರ ಮನೆ ಮುಟ್ಟಿದನಂತೆ. ಹೊಳಲ್ಕೆರೆಯ ಡಾಕ್ಟರೊಬ್ಬರು ಅಷ್ಟು ದೊಡ್ಡ ಕಾರಿಗೆ ಆಟೋರಿಕ್ಷಾದ ಎಂಜಿನ್ ಹಾಕಿಸಿದ್ದರು. ನೋಡಲು ಬಂದ ರೋಗಿಗಳೇ ತಳ್ಳಬೇಕಾಗುತ್ತಿತ್ತು, ತಳ್ಳುವಷ್ಟು ಶಕ್ತಿ ಬಂದವರಿಗೆ ಔಷಧಿ ಬೇಡ ಎಂದು ಅವರು ವಾಪಸ್ ಕಳಿಸುತ್ತಿದ್ದರು ಎಂದು ಊರಿನ ಕುಚೋದ್ಯ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಒಂದು ಟೆಂಟ್ ಸಿನಿಮಾದ ಕಾರು. ಅದರ ಎಂಜಿನ್ ಕಿತ್ತು ಸಿನಿಮಾಕ್ಕೆ ಕರೆಂಟು ತೆಗೆಯಲು ಹೂಡಿದ್ದರು, ಖಾಲಿ ಬಾಡಿಯೊಳಗೆ ಒಬ್ಬಾತ ಕೂತು ಕಿಟಕಿಯಿಂದ ಟಿಕೆಟ್ ಕೊಡುತ್ತಿದ್ದ. ಎರಡೂ ಬೇರೆಯಾದರೂ ಒಂದೇ ಸಂಸಾರ ತೂಗಿಸುತ್ತಿದ್ದವು.

ಸರಿ, ಈಗ ನನ್ನ ಸಂಸಾರದ ವಿಷಯ. ನನಗೆ ಕೆಲಸ ಹೊಳಲ್ಕೆರೆಯಲ್ಲಿ, ಶನಿವಾರ ದುರ್ಗಕ್ಕೆ ಬಂದು ಸೋಮವಾರ ಹೋಗುತ್ತೇನೆ. ಹೆಣ್ಣು ನೋಡುವ ಕಾಲ ಬಂದಾಗ ನಾನು ಅಪ್ಪನ ಹತ್ತಿರ ಒಂದೇ ಒಂದು ಕೋರಿಕೆ ಇಟ್ಟೆ: ಬಸ್ಸಿನಲ್ಲಿ ಹೋಗೋಣ. ಅಪ್ಪ ದಿನಾ ಬೆಳಿಗ್ಗೆ ಅಜ್ಜನ ಹಳೆಯ ಪಂಚೆಯ ತುಂಡಿನಿಂದ ಆ ಕಾರಿನ ದೀಪ ಒರೆಸಿಯೇ ಕಾಫಿ ಕುಡಿಯುವ ಮನುಷ್ಯ. ‘ಲೇ ಮಂಜ, ಅಜ್ಜನ ಕಾರು ಬಾಗ್ಲಾಗೆ ಇಟ್ಕಂಡು ಶುಭಕಾರ್ಯಕ್ಕೆ ಬಸ್ನಾಗೆ ಹೋಗಾಣ ಅಂತೀಯಲ್ಲ, ನಾಚ್ಕೆ ಆಗಲ್ವೇನೋ?’ ಎಂದರು. ನಾಚಿಕೆ ನನಗೆ ಆಗುತ್ತಿದ್ದದ್ದು ಬೇರೆ ಕಡೆಯಿಂದ. ಹಿರಿಯೂರಿಗೆ ಹೋದೆವು. ಹೆಣ್ಣಿನ ಮನೆಯ ಬೀದಿ ಪೂರ್ತಿ ಡಬ್ಬ ಹಿಡಿದು ನಿಂತಿತು. ಹೆಣ್ಣಿನ ದೊಡ್ಡಪ್ಪ, ‘ಗಂಡಿನ ಕಡೇರಿಗೆ ಗಿರಣಿ ಐತೆ ಅಂದಿದ್ರು, ಹೊತ್ಕಂಡೇ ತಿರುಗ್ತಾರೆ ಅಂದಿರ್ಲಿಲ್ಲ’ ಎಂದರು. ಜಾತಕ ಕೂಡಲಿಲ್ಲವೆಂದು ಕಾಗದ ಬಂತು. ಎರಡನೆಯದು ಹೊಳಲ್ಕೆರೆಯಲ್ಲೇ. ಅವರ ಗೋಡೆಯ ಹತ್ತಿರ ನಿಂತ ನಮ್ಮ ಕಾರಿನ ಎಂಜಿನ್ ಗುದ್ದಿದ ರಭಸಕ್ಕೆ ಅಡುಗೆಮನೆಯ ಹಲಗೆಯಿಂದ ಸಾಲಾಗಿ ಜೋಡಿಸಿದ್ದ ಸ್ಟೀಲ್ ಪಾತ್ರೆಗಳೆಲ್ಲ ಕೆಳಗೆ ಬಿದ್ದವು. ಅಲ್ಲೂ ಜಾತಕ ಕೂಡಲಿಲ್ಲ. ಜೊತೆಗೆ ನನ್ನ ಶಾಲೆಯ ಹುಡುಗರು ಕಪ್ಪು ಹಲಗೆಯ ಮೂಲೆಯಲ್ಲಿ ‘ಗಿರಣಿ ಮೇಷ್ಟ್ರು’ ಎಂದು ಚೆಂದದ ಅಕ್ಷರದಲ್ಲಿ ಬರೆದಿಟ್ಟರು. ಕಾಗುಣಿತ ತಪ್ಪಿರಲಿಲ್ಲ ಎಂಬುದಷ್ಟೇ ಸಮಾಧಾನ.

ಆಗ ಅಮ್ಮ ಎದ್ದು ನಿಂತಳು. ‘ಮೂರನೇದು ಹೊಸದುರ್ಗದ ಕಡೇದು. ಆ ಹೆಣ್ಣೂ ಬ್ಯಾಡ ಅಂದ್ರೆ ಈ ಕಾರು ಗುಜರಿಗೆ. ಮಗ ಬೇಕೋ ನಿಮ್ಮಪ್ಪನ ಕಾರು ಬೇಕೋ ನೀವೇ ಹೇಳ್ರಿ’ ಎಂದು ಅಪ್ಪನಿಗೆ ಹೇಳಿದಳು. ಅಪ್ಪ ಎದ್ದು ಹೋಗಿ ಕಾರಿನ ದೀಪ ಇನ್ನೊಮ್ಮೆ ಒರೆಸಿ ಬಂದು ‘ಆಯ್ತು’ ಎಂದರು. ದಾವಣಗೆರೆಯಿಂದ ಗುಜರಿಯವನು ಬಂದು, ಡಾಕ್ಟರು ಎದೆ ಬಡಿದು ನೋಡುವಂತೆ ಬೆರಳ ಗೆಣ್ಣಿನಿಂದ ಕಾರಿನ ಮೈ ಬಡಿದು ನೋಡಿ ಹೋದ. ಅಪ್ಪ ಅವತ್ತು ಊಟ ಮಾಡಲಿಲ್ಲ. ನನ್ನ ಪಾಡು ಕೇಳಬೇಡಿ. ಹೆಣ್ಣು ಒಪ್ಪಿದರೆ ಈ ಕಾರು ನನ್ನ ಜೀವಮಾನವೆಲ್ಲ ಕೂಗುತ್ತದೆ, ಒಪ್ಪದಿದ್ದರೆ ಹೆಣ್ಣೂ ಇಲ್ಲ, ಅಪ್ಪನ ಮುಖದಲ್ಲಿ ಕಳೆಯೂ ಇಲ್ಲ. ಲೆಕ್ಕದ ಮೇಷ್ಟ್ರಾಗಿಯೂ ಈ ಲೆಕ್ಕ ನನಗೆ ಬಿಡಿಸಲಾಗಲಿಲ್ಲ.

ಹೋದ ವರ್ಷ ಫೆಬ್ರವರಿ ಹತ್ತು, ಭಾನುವಾರ. ಇನ್ನೂ ನಸುಕಿರುವಾಗಲೇ ಹೊರಟೆವು. ಹೊರಡುವ ಮೊದಲು ಅಮ್ಮ ಒಂದು ಗೋಣಿಚೀಲವನ್ನು ನೀರಲ್ಲಿ ಅದ್ದಿ, ಹೊಗೆ ಕೊಳವೆಯ ಬಟ್ಟಲಿಗೆ ಸುತ್ತಿ, ಬಾಳೆನಾರಿನಿಂದ ಬಿಗಿದು ಕಟ್ಟಿದಳು. ‘ಮಾತುಕತೆ ಮುಗಿಯೋವರ್ಗೂ ಬಾಯಿ ಮುಚ್ಕಂಡಿರ್ಲಿ’ ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ, ‘ನೀವೂ ಅಷ್ಟೇ’ ಎಂದಳು. ಇಬ್ಬರೂ ಹಾಗೆಯೇ ಇದ್ದರು. ಹೊಳಲ್ಕೆರೆಯ ಬಸ್ ನಿಲ್ದಾಣದಲ್ಲಿ ನನ್ನ ಇಬ್ಬರು ವಿದ್ಯಾರ್ಥಿಗಳು ನಿಂತಿದ್ದರೂ ಕಾರು ಬರೀ ಕೆಮ್ಮುತ್ತಾ ಹೋಯಿತು, ಕೂಗಲಿಲ್ಲ. ಹೊಸದುರ್ಗ ದಾಟಿತು. ತೆಂಗಿನ ತೋಟಗಳು ಮುಗಿದು ಹೊಲಗಳು ಬಂದವು. ನನಗೆ ಧೈರ್ಯ ಬಂದು ಕನ್ನಡಿಯಲ್ಲಿ ತಲೆ ಬಾಚಿಕೊಂಡೆ. ಆ ಹೊತ್ತಿಗೇ ಸುಟ್ಟ ಗೋಣಿಯ ವಾಸನೆ ಬಂತು. ಹಿಂದೆ ನೋಡಿದರೆ ಚೀಲ ಒಣಗಿ, ಕರಕಲಾಗಿ, ಚೂರುಚೂರಾಗಿ ರಸ್ತೆಯ ಮೇಲೆ ಉದುರುತ್ತಿದೆ. ಹೆಣ್ಣಿನ ಊರಿನ ಮೊದಲ ಮನೆ ಕಾಣಿಸುವುದಕ್ಕೂ ಬಟ್ಟಲು ಬಾಯಿ ಬಿಡುವುದಕ್ಕೂ ಸರಿಹೋಯಿತು. ಬೆಳಗಿನಿಂದ ನುಂಗಿಕೊಂಡದ್ದನ್ನೆಲ್ಲ ಸೇರಿಸಿ ಕೂಗತೊಡಗಿತು: ‘ಕುಕ್! ಕುಕ್! ಕುಕ್!’

ನಮಗೆ ಗೊತ್ತಿಲ್ಲದ ಸಂಗತಿಯೆಂದರೆ ಆ ಊರಿನ ಗಿರಣಿಯ ಎಂಜಿನ್ ಕೆಟ್ಟು ನಾಲ್ಕು ದಿನವಾಗಿತ್ತು. ಗಿರಣಿ ಹೆಣ್ಣಿನ ಸೋದರಮಾವ ತಿಪ್ಪೇಸ್ವಾಮಿಯವರದು. ಅವರು ಅದನ್ನು ಬಿಚ್ಚಿ ಹೊಸದುರ್ಗಕ್ಕೆ ರಿಪೇರಿಗೆ ಕಳಿಸಿ, ‘ಬ್ಯಾರೆ ಎಂಜಿನ್ ಬಾಡಿಗೆಗೆ ತರುಸ್ತೀನಿ’ ಎಂದು ಊರಿಗೆಲ್ಲ ಮಾತು ಕೊಟ್ಟಿದ್ದರು. ಹಿಟ್ಟಿಲ್ಲದೆ ಕಾದು ಕೂತ ಊರಿಗೆ ನಮ್ಮ ಕಾರು ಕೂಗುತ್ತಾ ಬಂತು. ಆದಿವಾಲ, ಹಿರಿಯೂರುಗಳಲ್ಲಿ ಜನ ಹೊರಗೆ ಬಂದು ನಿಲ್ಲುತ್ತಿದ್ದರು, ಇಲ್ಲಿ ಓಡಿ ಬಂದರು. ಅಪ್ಪ ಗಾಬರಿಯಲ್ಲಿ ಬ್ರೇಕ್ ಒತ್ತಿದರು. ಎಂಜಿನ್ ಎರಡು ಸಲ ಗುದ್ದಿ ನಿಂತುಹೋಯಿತು. ಎಲ್ಲರಿಗಿಂತ ಮುಂದೆ, ಸೆರಗು ಸಿಕ್ಕಿಸಿ, ಕೂದಲನ್ನು ಹಾಗೇ ಗಂಟು ಹಾಕಿಕೊಂಡ ಒಬ್ಬ ಹುಡುಗಿ ಸೊಂಟದ ಮೇಲೆ ರಾಗಿ ಡಬ್ಬ ಹೊತ್ತು ಏದುಸಿರು ಬಿಡುತ್ತಾ ನೇರ ನನ್ನ ಕಿಟಕಿಗೆ ಬಂದಳು.

‘ಮಾವ ಹೇಳಿದ ಎಂಜಿನ್ ಇದೇ ಅಲ್ವೇನ್ರಿ? ಅಣ್ಣಾ, ನಂದು ಮೊದ್ಲು ಹಾಕ್ಕೊಡ್ರಿ. ಹತ್ತು ಗಂಟೆಗೆ ದುರ್ಗದಿಂದ ಗಂಡಿನ ಕಡೇರು ಬರ್ತಾರೆ, ಮುದ್ದೆಗೆ ಒಂದು ಹಿಡಿ ಹಿಟ್ಟಿಲ್ಲ.’

ನಾನು ಬಾಚಣಿಗೆ ಜೇಬಿಗಿಟ್ಟೆ. ‘ಯಾರ ಮನೆಗೆ?’ ಎಂದೆ.

‘ನಮ್ಮನೆಗೇ ಕಣ್ರಿ. ನನ್ನ ನೋಡಾಕೆ. ಬ್ಯಾಗ ಇಳೀರಿ ಅಣ್ಣಾ!’

ಹಿಂದಿನ ಸೀಟಿನಿಂದ, ಡ್ರಮ್ಮಿನ ಮರೆಯಿಂದ ಅಮ್ಮನ ದನಿ ಬಂತು: ‘ಅಯ್ಯೋ ನಮ್ಮವ್ವಾ, ಅಣ್ಣ ಅನ್ಬ್ಯಾಡ! ಎರಡು ಸಲ ಅಂದುಬಿಟ್ಟೆ! ವಾಪಸ್ ತಗಳೇ ತಾಯಿ ಆ ಮಾತ್ನ!’

ಹುಡುಗಿ ಬಗ್ಗಿ ಅಮ್ಮನ ರೇಷ್ಮೆ ಸೀರೆ ನೋಡಿದಳು. ಅಮ್ಮನ ತೊಡೆಯ ಮೇಲಿದ್ದ ಎಲೆ, ಅಡಿಕೆ, ತೆಂಗಿನಕಾಯಿಯ ತಟ್ಟೆ ನೋಡಿದಳು. ಅಪ್ಪನ ಕೋಟು ನೋಡಿದಳು. ಕಡೆಗೆ ನನ್ನನ್ನು ನೋಡಿದಳು. ಓಡಿಹೋಗುತ್ತಾಳೆ ಎಂದುಕೊಂಡೆ. ನಾನಾಗಿದ್ದರೆ ಓಡುತ್ತಿದ್ದೆ. ಅವಳು ಡಬ್ಬವನ್ನು ನಿಧಾನವಾಗಿ ಕಾರಿನ ಕಾಲು ಹಲಗೆಯ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, ‘ಹಂಗಾದ್ರೆ ನೀವೇ ಹೇಳ್ರಿ, ಹಿಟ್ಟಿಲ್ದೆ ನಿಮಗೆ ಏನ್ ಉಣ್ಣಾಕಿಡಾದು?’ ಎಂದಳು. ಗಿರಿಜೆಯನ್ನು ನಾನು ನೋಡಿದ್ದು ಹೀಗೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಮೊದಲ ಪ್ರಶ್ನೆ ಹೆಣ್ಣೇ ಕೇಳಿದ್ದು ನನಗೆ ತಿಳಿದಂತೆ ಇದೊಂದೇ ಸಲ.

ಅವಳ ಹಿಂದಿದ್ದ ಒಬ್ಬ ಮುದುಕಿಗೆ ಈ ಮಾತುಕತೆ ಹಿಡಿಸಲಿಲ್ಲ. ‘ಗಂಡು ಗಿಂಡು ಆಮ್ಯಾಕೆ ನೋಡ್ಕಳಿ, ಹಿಟ್ಟು ಮೊದ್ಲು! ನಾಕು ದಿನ ಆತು ಬರೀ ಅನ್ನ ತಿಂದು, ಹೊಟ್ಟೆ ತಣ್ಣಗಾಗೈತೆ’ ಎಂದು ಪುಟ್ಟಿಯನ್ನು ಬಾನೆಟ್ಟಿನ ಮೇಲೆ ಕುಕ್ಕಿದಳು. ಅಷ್ಟರಲ್ಲಿ ತಿಪ್ಪೇಸ್ವಾಮಿಯವರು ಜನರನ್ನು ಸರಿಸಿಕೊಂಡು ಬಂದರು. ಬೀಗರಾಗಲಿರುವವರಿಗೆ ನಮಸ್ಕಾರ ಹೇಳಲು ಎತ್ತಿದ ಕೈ ಅರ್ಧಕ್ಕೇ ನಿಂತಿತು. ಅವರ ಕಣ್ಣು ಕಾರಿನ ಮೂಗುತಿಯ ಮೇಲೆ ಬಿದ್ದಿತ್ತು.

‘ಈ ಗಾಲಿ... ಯಜಮಾನ್ರೇ, ಇದು ಗಿರಣಿ ಎಂಜಿನ್ ಅಲ್ವಾ?’

‘ಹೂಂ ಕಣ್ರಿ. ನಮ್ಮಪ್ಪಂದು’ ಎಂದರು ಅಪ್ಪ. ಬೆಳಗಿನಿಂದ ಅವರು ಬಾಯಿಬಿಟ್ಟದ್ದು ಆಗಲೇ. ಆಮೇಲೆ ಅವರೇ ಕೇಳಿದರು: ‘ಪಟ್ಟಾ ಐತೇನ್ರಿ?’

‘ಐತೆ. ಕಲ್ಲೂ ಮೊನ್ನೆ ಕೊರೆಸೀನಿ.’

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಗಂಡು ಹೆಣ್ಣು ನೋಡಿಕೊಳ್ಳಬೇಕಾದ ರೀತಿಯಲ್ಲಿ ಅವರಿಬ್ಬರು ನೋಡಿಕೊಂಡರು. ಅಪ್ಪ ಕೋಟು ಬಿಚ್ಚಿದರು. ನಾನು ಮೆಲ್ಲಗೆ, ‘ಅಪ್ಪಾ, ನಾವು ಬಂದಿದ್ದು...’ ಎಂದೆ. ‘ಲೇ, ಉಂಬಾಕೆ ಹಿಟ್ಟಿಲ್ದ ಊರಾಗೆ ಅದೇನು ಶಾಸ್ತ್ರ ನೋಡ್ತೀಯೋ? ಇಳಿ, ತಳ್ಳು!’ ಎಂದರು. ಇಡೀ ಊರಿನ ಹೆಂಗಸರ ಜೊತೆ ಸೇರಿ, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ, ನಾನು ನೋಡಬೇಕಾದ ಹೆಣ್ಣಿನ ಪಕ್ಕದಲ್ಲೇ ಕಾರು ತಳ್ಳಿದೆ. ಗಿರಣಿಯ ಗೋಡೆಗೆ ಪಕ್ಕಾಗಿ ಕಾರು ನಿಲ್ಲಿಸಿ, ನಾಲ್ಕೂ ಗಾಲಿಗೆ ಕಲ್ಲು ಕೊಟ್ಟು, ಕಿಟಕಿಯಿಂದ ಪಟ್ಟಾ ಎಳೆದು ಮೂಗಿನ ಗಾಲಿಗೆ ತೊಡಿಸಿದರು. ಮೂವತ್ತು ವರ್ಷ ದೊರೆಯ ವೇಷ ಹಾಕಿಕೊಂಡಿದ್ದ ಎಂಜಿನ್ ತವರಿನ ಪಟ್ಟಾ ಕೊರಳಿಗೆ ಬಿದ್ದಾಗ ಏನಂದುಕೊಂಡಿತೋ.

ಆ ಎಂಜಿನ್ ಹೊರಡಿಸಲು ಇಬ್ಬರು ಬೇಕು. ಒಬ್ಬರು ಹ್ಯಾಂಡಲ್ ತಿರುಗಿಸಬೇಕು, ಇನ್ನೊಬ್ಬರು ಎಂಜಿನ್ನಿನ ಬಿಗಿ ಸಡಿಲಿಸುವ ಲಿವರ್ ಎತ್ತಿ ಹಿಡಿದು, ವೇಗ ಬಂದ ಸರಿಯಾದ ಗಳಿಗೆಗೆ ಬಿಡಬೇಕು. ಮೊದಲೇ ಬಿಟ್ಟರೆ ಹ್ಯಾಂಡಲ್ ಹಿಂದಕ್ಕೆ ಒದ್ದು ಕೈ ಮುರಿಯುತ್ತದೆ, ತಡವಾದರೆ ಹೊಡೆದದ್ದೆಲ್ಲ ದಂಡ. ಅಪ್ಪ ಪಟ್ಟಾ ಹಿಡಿದು ಒಳಗಿದ್ದರು. ನಾನು ಹ್ಯಾಂಡಲ್ ಹಿಡಿದು, ಲಿವರ್ ಹಿಡಿಯಲು ಯಾರೆಂದು ಸುತ್ತ ನೋಡುತ್ತಿದ್ದೆ. ಗಿರಿಜೆ ಯಾರನ್ನೂ ಕೇಳದೆ ಬಂದು ಲಿವರ್ ಎತ್ತಿದಳು. ‘ಹೊಡೀರಿ’ ಎಂದಳು. ಹೊಡೆದೆ. ‘ಇನ್ನೂ... ಇನ್ನೂ... ಅಷ್ಟೇನಾ ಶಕ್ತಿ?’ ಎಂದಳು. ಜೀವ ಬಿಟ್ಟು ಹೊಡೆದೆ. ಲಿವರ್ ಬಿಟ್ಟಳು. ‘ಕುಕ್!’ ಎಂದಿತು. ಊರಿಗೆ ಊರೇ ‘ಹೋ’ ಎಂದಿತು. ಶಾಸ್ತ್ರೋಕ್ತವಾಗಿ ಕೈ ಹಿಡಿಯುವ ಮೊದಲು ನಾವು ಹಿಡಿದದ್ದು ಇದು.

ಹತ್ತು ಗಂಟೆಯ ಮುಹೂರ್ತ ಬೀಸುವುದರಲ್ಲೇ ಕಳೆಯಿತು. ಗಿರಣಿಯ ಮನೆಗೆ ಸೊಸೆಯಾಗಿ ಬಂದವಳು ಅಮ್ಮ. ಎಷ್ಟು ಹೊತ್ತು ಸುಮ್ಮನಿದ್ದಾಳು? ರೇಷ್ಮೆ ಸೀರೆಯಲ್ಲೇ ಎದ್ದು ಹೋಗಿ, ಬೀಳುತ್ತಿದ್ದ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ‘ತರಿ ಐತೆ, ಕಲ್ಲು ಬಿಗಿ ಮಾಡ್ರಿ ತಿಪ್ಪೇಸ್ವಾಮಿ’ ಎಂದು ಅಪ್ಪಣೆ ಕೊಟ್ಟಳು. ಡ್ರಮ್ಮಿನ ನೀರು ಕಾದಂತೆಲ್ಲ ಹೆಂಗಸರು ಕೊಡ ತಂದು ತಣ್ಣೀರು ಬೆರೆಸಿದರು, ಎಂಜಿನ್ನಿಗೆ ಸುರಿಯದಂತೆ ಅಪ್ಪ ಕಾವಲು ನಿಂತರು. ನಮ್ಮ ಮನೆತನ ಒಂದು ಪಾಠವನ್ನಾದರೂ ಕಲಿತಿದೆ. ಕೊನೆಯ ಪುಟ್ಟಿ ಮುಗಿದಾಗ ಮಧ್ಯಾಹ್ನ ಒಂದೂವರೆ. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಎಂದು ಗುರುತಿಸಲಾಗದಷ್ಟು ಎಲ್ಲರೂ ಬೆಳ್ಳಗಾಗಿದ್ದೆವು. ಹಾಗೇ ಹೋಗಿ ಚಾಪೆಯ ಮೇಲೆ ಕೂತೆವು.

ಉಪ್ಪಿಟ್ಟು, ಕಾಫಿಯ ಬದಲು ಆಗ ತಾನೇ ಬೀಸಿದ ಹಿಟ್ಟಿನ ಮುದ್ದೆ, ಹುರುಳಿಕಾಳಿನ ಸಾರು ಬಂತು. ‘ಹುಡುಗೀನ ಏನಾದ್ರೂ ಕೇಳಪ್ಪ’ ಎಂದರು ತಿಪ್ಪೇಸ್ವಾಮಿಯವರು. ಏನು ಓದಿದ್ದೀರಿ, ಹಾಡು ಬರುತ್ತದೆಯೇ ಎಂದು ಕೇಳಲು ದುರ್ಗದಿಂದಲೇ ಸಿದ್ಧನಾಗಿ ಬಂದಿದ್ದೆ. ಬಾಯಿಂದ ಬಂದದ್ದು ಬೇರೆ: ‘ಲಿವರ್ ಯಾವಾಗ ಬಿಡ್ಬೇಕು ಅಂತ ನಿಮಗೆ ಹೆಂಗೆ ಗೊತ್ತಾಯ್ತು?’ ಗಿರಿಜೆ ತಲೆ ತಗ್ಗಿಸಿಯೇ, ‘ಎಂಜಿನ್ ಉಸಿರು ಒಳಗೆಳ್ಕಂತೈತಲ್ಲ, ಆಗ’ ಎಂದಳು. ನನಗೆ ಇನ್ನೇನೂ ಕೇಳಬೇಕೆನಿಸಲಿಲ್ಲ. ಅಪ್ಪ ಮಾತ್ರ ತುತ್ತು ಕೈಯಲ್ಲೇ ಹಿಡಿದಿದ್ದರು. ಅವರಿಗೆ ಗುಜರಿಯವನ ಬೆರಳ ಗೆಣ್ಣು ಕಣ್ಣ ಮುಂದೆ ಇತ್ತೆಂದು ಕಾಣುತ್ತದೆ. ‘ಮನೆಗೆ ಹೋದ್ಮ್ಯಾಲೆ ಕಾಗ್ದ ಹಾಕ್ತೀರಾ?’ ಎಂದು ಸಣ್ಣ ದನಿಯಲ್ಲಿ ಕೇಳಿದರು. ತಿಪ್ಪೇಸ್ವಾಮಿಯವರು ಬಾಯಿ ತೆರೆಯುವ ಮೊದಲೇ, ಬಾಗಿಲಲ್ಲಿ ಕೂತಿದ್ದ ಬೆಳಗಿನ ಮುದುಕಿ ಎದ್ದಳು. ‘ಎಂಥಾ ಕಾಗ್ದ? ಲೇ ತಿಪ್ಪೇಸ, ಈ ಗಿರಣೀನ ಬಿಟ್ಟು ಕಳಿಸಿದ್ರೆ ನೋಡು ಮತ್ತೆ!’ ಗಿರಿಜೆ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಅಪ್ಪ ತುತ್ತು ಬಾಯಿಗಿಟ್ಟರು.

ಅವರ ಎಂಜಿನ್ ರಿಪೇರಿಯಾಗಿ ಬರುವವರೆಗೆ ಮುಂದಿನ ಮೂರು ಭಾನುವಾರವೂ ಕಾರು ತೆಗೆದುಕೊಂಡು ಹೋದೆವು. ನಮ್ಮ ಶಾಲೆಯ ಮೇಷ್ಟರುಗಳಲ್ಲಿ ಮದುವೆಗೆ ಮೊದಲು ಹೆಂಡತಿಯ ಜೊತೆ ಅಷ್ಟು ಹ್ಯಾಂಡಲ್ ಹೊಡೆದವರು ಇನ್ನೊಬ್ಬರಿಲ್ಲ. ಆಮೇಲೆ ಅದೇ ಕಾರಿನಲ್ಲಿ ಮದುವೆಯ ದಿಬ್ಬಣ ಹೊರಟಿತು, ದಾರಿಯ ಹಳ್ಳಿಗಳವರೆಲ್ಲ ಡಬ್ಬ ಹಿಡಿದು ನಿಂತು ನೋಡಿದರು. ನಾನು ಈ ಸಲ ತಲೆ ತಗ್ಗಿಸಲಿಲ್ಲ. ದೊರೆಯ ಎಂಜಿನ್ ಒಡೆದದ್ದಕ್ಕೆ, ಅಜ್ಜನ ತಣ್ಣೀರಿಗೆ, ಮಾಬುಸಾಬರ ಧೈರ್ಯಕ್ಕೆ, ಬಟ್ಟಲು ಬಿಚ್ಚಗೊಡದ ಹಟಕ್ಕೆ, ಉರಿದುಹೋದ ಗೋಣಿಚೀಲಕ್ಕೆ, ಸರಿಯಾದ ವಾರದಲ್ಲಿ ಕೆಟ್ಟ ತಿಪ್ಪೇಸ್ವಾಮಿಯವರ ಎಂಜಿನ್ನಿಗೆ, ಎಲ್ಲಕ್ಕೂ ನಾನು ಋಣಿ. ಇವುಗಳಲ್ಲಿ ಒಂದು ಸರಿಯಾಗಿದ್ದರೂ ನನ್ನ ಬದುಕು ಕೆಡುತ್ತಿತ್ತು.

ಒಂದು ಸಂಗತಿ ಮಾತ್ರ ಇನ್ನೂ ಗೊತ್ತಾಗಿಲ್ಲ. ನಮ್ಮ ಕಾರಿನ ಹುಟ್ಟು ಎಂಜಿನ್ ಎಲ್ಲಿಗೆ ಹೋಯಿತು? ಆರು ಸಿಲಿಂಡರಿನದು, ಎಡಗಡೆ ಉದ್ದಕ್ಕೆ ಸೀಳಿದೆ. ಬೆಸುಗೆ ಹಾಕಿಸಿ ತೋಟದ ಬಾವಿಗೆ ಹೂಡುತ್ತೇನೆಂದು ಆದಿವಾಲದ ಕಡೆಯವರೊಬ್ಬರು ಅಜ್ಜನಿಂದ ಕೊಂಡುಹೋದರು ಎಂಬಲ್ಲಿಗೆ ನನ್ನ ಶೋಧ ನಿಂತಿದೆ. ಎಲ್ಲಾದರೂ ನೀರೆತ್ತುತ್ತಲೋ, ದೀಪ ಉರಿಸುತ್ತಲೋ ಅದು ಬದುಕಿರಬಹುದು. ಕಂಡವರು, ಕೇಳಿದವರು ದಯವಿಟ್ಟು ಬರೆಯಿರಿ. ಹಾಗೆಯೇ ನಿಮ್ಮ ಊರಿನಲ್ಲಿ ಬೇರೆಯ ಎಂಜಿನ್ ನುಂಗಿ ಕೂತ ಹಳೆಯ ಕಾರು ಇದ್ದರೆ ಅದನ್ನೂ ಬರೆಯಿರಿ, ಎಂಟನೆಯದಾಗಿ ಸೇರಿಸಿಕೊಳ್ಳುತ್ತೇನೆ. ಸಿಕ್ಕಿದ ಎಂಜಿನ್ನನ್ನು ವಾಪಸ್ ಕೊಡುತ್ತೇವೆಂದು ಮಾತ್ರ ಬರಬೇಡಿ.

ಗಂಟೆ ಒಂಬತ್ತಾಯಿತು. ಇಷ್ಟನ್ನೂ ಗಿರಿಜೆಗೆ ಓದಿ ಹೇಳಿದೆ. ತವರಿಗೆ ಹೊರಟು ನಿಂತಿರುವ ಅವಳು ಆಗಲೇ ಲಿವರ್ ಎತ್ತಿ ಹಿಡಿದು, ಹ್ಯಾಂಡಲ್ ಹೊಡೆಯಲು ನನ್ನನ್ನು ಕಾಯುತ್ತಿದ್ದಾಳೆ. ‘ಎಲ್ಲಾ ಸರಿ ಐತ್ರೀ, ಒಂದು ಮಾತು ಬಿಟ್ಟೀರಿ. ನಾನು ಒಪ್ಪಿದ್ದು ಎಂಜಿನ್ ನೋಡಿ. ಬಾಡಿ ಅದ್ರ ಜೊತೆಗೆ ಬಂತು’ ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆದ್ದರಿಂದ ಓದುಗರಲ್ಲಿ ಇನ್ನೊಂದು ವಿನಂತಿ: ಎಂಜಿನ್ನಿನ ವಿಷಯ ಹೆಚ್ಚಿಗೆ ತಿಳಿದವರು ಅಗತ್ಯವಾಗಿ ಬರೆಯಿರಿ, ಬಾಡಿಯ ವಿಷಯ ತಿಳಿದವರು ದಯಮಾಡಿ ಸುಮ್ಮನಿರಿ.